ಆಚಾರ್ರ ಕೊಂಬೆದೀಪ

ಹೋದ ತಿಂಗಳು ನಾನೂ ನನ್ನವರೂ ಕುವೈತಿನ ಬ್ನೇದ್ ಅಲ್ ಗಾರ್‌ನ ಒಂದು ಫ್ಲ್ಯಾಟಿಗೆ ಹೋಗಿದ್ದೆವು. ಅಲ್ಲಿದ್ದವರು ದೇಶ ಬಿಟ್ಟು ಹೋಗುವವರು, ಸಾಮಾನೆಲ್ಲ ಮಾರಾಟಕ್ಕಿಟ್ಟಿದ್ದರು. ನಮಗೆ ಬೇಕಾಗಿದ್ದದ್ದು ಒಂದು ಚಪ್ಪಲಿ ಸ್ಟ್ಯಾಂಡ್. ಅದರ ಪಕ್ಕದಲ್ಲಿ, ವಾಷಿಂಗ್ ಮೆಷಿನ್ನಿನ ಮೇಲೆ, ಮೇಣದಬತ್ತಿ ಹಚ್ಚುವ ಆರು ಕೊಂಬೆಗಳ ಹಳೆಯ ಕಂಚಿನ ಕಂಬವೊಂದು ನಿಂತಿತ್ತು. ಮೈಮೇಲೆ ಅಲ್ಲಲ್ಲಿ ಸವೆದ ಚಿನ್ನದ ಮುಲಾಮು. ಬಗ್ಗಿ ನೋಡಿದಾಗ ಹಳೆಯ ಮೇಣ, ಲೋಹ, ಧೂಳು ಸೇರಿದ ವಾಸನೆ ಬಂತು... ಆ ವಾಸನೆಯ ಹಿಂದೆಯೇ ಆಚಾರ್ರು ಬಂದರು.

ಹನ್ನೊಂದು ವರ್ಷಗಳ ಹಿಂದೆ ನಾವು ಅಬ್ಬಾಸಿಯಾದಲ್ಲಿದ್ದೆವು. ನಮ್ಮ ಎದುರಿನ ಕೋಣೆಯಲ್ಲಿ ಐದು ಜನ ಬ್ಯಾಚುಲರ್‌ಗಳು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರನ್ನು ಇಲ್ಲಿ ಹಾಗೆಯೇ ಕರೆಯುವುದು. ಅವರಲ್ಲಿ ಹಿರಿಯರಾದ ಆಚಾರ್ರಿಗೆ ಅರವತ್ತು ದಾಟಿತ್ತು, ಮೊಮ್ಮಕ್ಕಳಿದ್ದರು. ಊರಲ್ಲಿ ಅವರದು ಕಂಚು ಎರಕ ಹೊಯ್ಯುವ ಮನೆತನ. ಇಲ್ಲಿ ಸಿಟಿಯ ಒಂದು ಹಳೆಯ ಸಾಮಾನಿನ ಅಂಗಡಿಯಲ್ಲಿ ಗಡಿಯಾರ, ದೀಪ, ಹೂದಾನಿಗಳನ್ನು ಸರಿಮಾಡುವ ಕೆಲಸ. ಶುಕ್ರವಾರ ರಜೆಯ ದಿನ ಚಾ ಕುಡಿಯಲು ನಮ್ಮಲ್ಲಿಗೆ ಬರುತ್ತಿದ್ದರು. ಊರ ಕಡೆ ಕ್ರೈಸ್ತರನ್ನು ಕರೆಯುವ ಹಾಗೆ ನನ್ನವರನ್ನು ಪೊರ್ಬುಗಳು, ನನ್ನನ್ನು ಬಾಯಮ್ಮ ಎನ್ನುತ್ತಿದ್ದರು. ಬರುವಾಗ ಕೆಲಸದ ಒಂದು ತುಂಡನ್ನು ಬಿಳಿ ಬನಿಯನ್ ಬಟ್ಟೆಯಲ್ಲಿ ಸುತ್ತಿ ತರುವುದೂ ಇತ್ತು.

ಆ ವರ್ಷ ಅವರ ಕೈಯಲ್ಲಿದ್ದದ್ದು ಫ್ರಾನ್ಸಿನ ಒಂದು ಜೋಡಿ ಕ್ಯಾಂಡೆಲಾಬ್ರಾ. ಆಚಾರ್ರು ಅದನ್ನು ಕೊಂಬೆದೀಪ ಎನ್ನುತ್ತಿದ್ದರು. ಒಂದೊಂದು ಕೊಂಬೆಯನ್ನೂ ಬಿಡಿಸಿ ತೆಗೆಯಬಹುದಿತ್ತು.

ನನ್ನವರು ಒಮ್ಮೆ, "ಇದು ಗಿಲೀಟಾ ಆಚಾರ್ರೆ?" ಎಂದು ಕೇಳಿದ್ದರು.

"ಗಿಲೀಟು ಬಸ್‌ಸ್ಟ್ಯಾಂಡಿನ ಸರಕ್ಕೆ ಹೇಳಿ ಪೊರ್ಬುಗಳೇ. ಇದು ಮುಲಾಮು."

ಆಗ ಏಳು ವರ್ಷದವಳಾಗಿದ್ದ ಮಗಳು, "ಮುಲಾಮು ಮೀನ್ಸ್ ಆಯಿಂಟ್‌ಮೆಂಟ್, ಅಲ್ವಾ ಅಂಕಲ್?" ಎಂದಳು.

"ಹೂಂ ಮಗಳೇ. ಇದು ಕಂಚಿಗೆ ಹಚ್ಚುವ ಆಯಿಂಟ್‌ಮೆಂಟ್. ಚಿನ್ನವೇ, ಆದ್ರೆ ನಿನಗೊಂದು ಬಳೆ ಮಾಡ್ಲಿಕ್ಕೂ ಸಾಕಾಗ್ಲಿಕ್ಕಿಲ್ಲ."

ಚಿನ್ನವನ್ನು ಪಾದರಸದಲ್ಲಿ ಅರೆದು ಬೆಣ್ಣೆಯ ಹಾಗೆ ಮಾಡಿ ಕಂಚಿಗೆ ಹಚ್ಚುತ್ತಾರಂತೆ. ಕೆಂಡದ ಮೇಲೆ ಹಿಡಿದರೆ ಪಾದರಸ ಹೊಗೆಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಹೊಗೆ ಹೋಗುವುದು ಕೆಲಸದವನ ಎದೆಗೆ. ಆಚಾರ್ರ ತಂದೆ ದೇವಸ್ಥಾನದ ಕಲಶಗಳಿಗೆ ಆ ಕೆಲಸ ಮಾಡಿದವರು. ನಲವತ್ತಕ್ಕೇ ಹಲ್ಲು ಉದುರಿ, ಕೈ ನಡುಗಿ, ಅನ್ನದ ತುತ್ತು ಬಾಯಿಗೆ ಬರುತ್ತಿರಲಿಲ್ಲವಂತೆ. ಆಚಾರ್ರು ಪಾದರಸ ಮುಟ್ಟಲಿಲ್ಲ. ಇದ್ದ ಚಿನ್ನವನ್ನು ಉಳಿಸುವ ಕೆಲಸ ಮಾತ್ರ ಕಲಿತರು. ಹತ್ತಿಯಲ್ಲಿ ಏನೋ ನೀರು ಅದ್ದಿ, ಮಗುವಿನ ಕಿವಿ ಒರೆಸಿದ ಹಾಗೆ ಒರೆಸುತ್ತಿದ್ದರು.

"ಎರಕದವ ಬೇರೆ, ಉಳಿ ಹಿಡಿದವ ಬೇರೆ, ಮುಲಾಮಿನವ ಬೇರೆ. ಮೊದಲು ಸಾಯುವವ ಮುಲಾಮಿನವ," ಎಂದಿದ್ದರು ಒಂದು ಶುಕ್ರವಾರ. "ಫ್ರಾನ್ಸಿನ ಅಂಗಡಿಯವನ ಹೆಸರು ಅಡಿಯಲ್ಲಿ ಉಂಟು. ಇವರದ್ದು ಎಂತದೂ ಇಲ್ಲ. ಆದ್ರೆ ಈ ಎಲೆ ಕೆತ್ತಿದವ ಎಡಗೈಯವ, ನೋಡಿ ಬಾಯಮ್ಮ. ಉಳಿ ಈ ಕಡೆಯಿಂದ ಬಂದದ್ದು."

"ನಿಮಗೆ ಹೇಗೆ ಗೊತ್ತಾಗ್ತದೆ?"

"ನನ್ನ ಅಪ್ಪನೂ ಎಡಗೈಯವರೇ ಅಲ್ವಾ. ಊಟಕ್ಕೆ ಕೂತ್ರೆ ಅಜ್ಜಿ ಕೈಗೆ ಹೊಡೀತಿದ್ರಂತೆ. ಕೆಲಸಕ್ಕೆ ಕೂತ್ರೆ ಯಾರೂ ಮಾತಾಡ್ತಿರ್ಲಿಲ್ಲ."

ಪ್ರತಿ ಎಲೆಯ ನರದ ಪಕ್ಕದಲ್ಲಿ, ಎಡದಿಂದ ಓರೆಯಾಗಿ ಬಂದು ನಿಂತ ಕೂದಲೆಳೆಯಷ್ಟು ಸಣ್ಣ ಗೀರು. ಒಮ್ಮೆ ಕಂಡ ಮೇಲೆ ಅದನ್ನು ಕಾಣದೆ ಇರಲು ಆಗುತ್ತಿರಲಿಲ್ಲ.

ಆ ಜೋಡಿಯ ಮೇಲೆ ಅವರ ಇಕಾಮಾ, ಅಂದರೆ ಈ ದೇಶದಲ್ಲಿರುವ ಪರವಾನಗಿ, ನಿಂತಿತ್ತು. ವಯಸ್ಸಾಯಿತು, ಇನ್ನು ಊರಿಗೆ ಹೋಗು ಎನ್ನುತ್ತಿದ್ದ ಅಂಗಡಿಯ ಯಜಮಾನರು, ಈ ಕೆಲಸ ಚೆನ್ನಾಗಿ ಮುಗಿಸಿದರೆ ಇಕಾಮಾ ಮುಂದುವರಿಸುತ್ತೇನೆ ಎಂದಿದ್ದರಂತೆ. ಊರಿನ ಕುಲುಮೆ ಮುಚ್ಚಿ ಬಹಳ ಕಾಲವಾಗಿತ್ತು. "ಅಲ್ಲಿ ಹೋಗಿ ಎಂತ ಮಾಡುವುದು ಬಾಯಮ್ಮ? ಟಿವಿ ನೋಡುವುದಾ? ಕೈ ಆಡುವಷ್ಟು ದಿನ ಇವುಗಳ ಜೊತೆ ಇರ್ತೇನೆ," ಎನ್ನುತ್ತಿದ್ದರು.

ಕ್ರಿಸ್ಮಸ್‌ಗೆ ಒಂದು ವಾರವಿತ್ತು. ಆ ಶುಕ್ರವಾರ ಅವರು ಒಂದು ಕೊಂಬೆಯನ್ನು ನಮ್ಮಲ್ಲಿ ಬಿಟ್ಟು ಹೋದರು. ಅವರ ಕೋಣೆಯಲ್ಲಿ ಅಂದು ಮೀನು ಹುರಿಯುವುದಿತ್ತು, ಎಣ್ಣೆಯ ಹೊಗೆ ಚಿನ್ನಕ್ಕೆ ಆಗದು. ನಮ್ಮ ಮನೆಯ ಆಲ್ತಾರಿನ, ಅಂದರೆ ದೇವರ ಪೀಠದ, ಬದಿಯಲ್ಲಿಟ್ಟು, "ಇಲ್ಲಿ ಯಾರೂ ಮುಟ್ಟುವುದಿಲ್ಲ," ಎಂದರು. ನಾಳೆ ಕೆಲಸಕ್ಕೆ ಹೋಗುವಾಗ ಕೊಂಡುಹೋಗುತ್ತೇನೆ ಎಂದರು.

ನಾನು ಆಲ್ತಾರಿನ ಹಿತ್ತಾಳೆಯ ಕ್ಯಾಂಡಲ್ ಸ್ಟ್ಯಾಂಡುಗಳನ್ನು ತಿಕ್ಕಲು ಕೂತೆ. ಕಾನ್ವೆಂಟಿನಲ್ಲಿ ಚಾಪೆಲಿನ ಸ್ಟ್ಯಾಂಡುಗಳನ್ನು ತೊಳೆಯುವ ಕೆಲಸ ಎಲ್ಲರಿಗೂ ಸಿಗುತ್ತಿರಲಿಲ್ಲ, ಒಳ್ಳೆಯ ಹುಡುಗಿಯರಿಗೆ ಮಾತ್ರ. ಹುಳಿ, ಉಪ್ಪು ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ, ಸಿಸ್ಟರ್ ಬಗ್ಗಿ ನೋಡಿದಾಗ ಅವರ ಮುಖ ಕಾಣಬೇಕಿತ್ತು. ಅದೇ ಹುಳಿ, ಅದೇ ಉಪ್ಪು. ಸ್ಟ್ಯಾಂಡುಗಳು ಮುಗಿದ ಮೇಲೂ ಸ್ವಲ್ಪ ಹುಳಿ ಉಳಿದಿತ್ತು. ಆಚಾರ್ರ ಕೊಂಬೆ ಮಂಕಾಗಿ ಪಕ್ಕದಲ್ಲೇ ಇತ್ತು. ಪಾಪ, ವಯಸ್ಸಾದವರು ಹತ್ತಿಯಲ್ಲಿ ಎಷ್ಟೂಂತ ಒರೆಸುತ್ತಾರೆ ಎಂದುಕೊಂಡೆ... ಅಷ್ಟೇ. ಬೇರೆ ಏನನ್ನೂ ಯೋಚಿಸಿದ ನೆನಪಿಲ್ಲ.

ಅದನ್ನೂ ತಿಕ್ಕಿ, ತೊಳೆದು ಒರೆಸಿದಾಗ ಫಳಫಳ ಹೊಳೆಯಿತು. ಹೊಸ ಪಾತ್ರೆಯ ಹಾಗೆ, ಹಿತ್ತಾಳೆಯ ಹಾಗೆ.

ಮರುದಿನ ಬೆಳಿಗ್ಗೆ ಆಚಾರ್ರು ಬಂದು ಬಟ್ಟೆ ಬಿಡಿಸಿದರು. ಹೆಬ್ಬೆರಳಿನಿಂದ ಒಂದು ಎಲೆಯನ್ನು ಸವರಿದರು. ಚಿನ್ನ ಹೋಗಿದೆ ಎಂದು ನನಗೆ ಆಗ ಗೊತ್ತಾಯಿತು.

"ಹೆದರ್ಬೇಡಿ ಬಾಯಮ್ಮ. ಈ ಕೊಂಬೆ ಆಮೇಲೆ ಯಾರೋ ಮಾಡಿ ಜೋಡಿಸಿದ್ದು. ಇದರ ಮೇಲಿದ್ದದ್ದು ಬರೀ ವಾರ್ನಿಶ್. ಹೇಗೂ ತೆಗೀಲಿಕ್ಕಿತ್ತು. ನನಗೊಂದು ದಿನದ ಕೆಲಸ ಉಳಿಸಿದ್ರಿ," ಎಂದರು. ಚಾ ಕೊಟ್ಟೆ, ಕುಡಿದು ಹೋದರು.

ಆ ಕೊಂಬೆಯ ಎಲೆಗಳ ಮೇಲೂ ಎಡಗೈಯವನ ಅದೇ ಗೀರುಗಳಿದ್ದವು. ತೊಳೆಯುವಾಗಲೇ ನೋಡಿದ್ದೆ. ನೋಡಿಯೂ ಅವರು ಹೇಳಿದ್ದನ್ನು ನಂಬಿದೆ. ನಂಬುವುದು ಸುಲಭವಿತ್ತು.

ಎರಡು ತಿಂಗಳಲ್ಲಿ ಆಚಾರ್ರು ಊರಿಗೆ ಹೊರಟರು. "ಸಾಕಾಯ್ತು ಬಾಯಮ್ಮ. ಮನೆಯವಳು ಎಷ್ಟು ವರ್ಷ ಒಬ್ಬಳೇ ಇರುವುದು?" ಎಂದರು. ಒಳ್ಳೆಯದಾಯಿತು ಎಂದೆ. ಅವರ ಹೆಂಡತಿಗೆಂದು ಒಂದು ಸೀರೆಯನ್ನೂ ಕೊಟ್ಟು ಕಳಿಸಿದೆ. ನಾಲ್ಕು ವರ್ಷಗಳ ಹಿಂದೆ ಆಚಾರ್ರು ತೀರಿಕೊಂಡ ಸುದ್ದಿ ಬಂತು.

ಬ್ನೇದ್ ಅಲ್ ಗಾರ್‌ನ ಆ ಫ್ಲ್ಯಾಟಿನಲ್ಲಿ ನಿಂತು ನಾನು ನನ್ನವರಿಗೆ, "ಪುಣ್ಯಕ್ಕೆ ಅವತ್ತು ನಾನು ತಿಕ್ಕಿದ್ದು ವಾರ್ನಿಶ್," ಎಂದೆ. ಅವರು ಚಪ್ಪಲಿ ಸ್ಟ್ಯಾಂಡ್ ಎತ್ತಿಕೊಂಡು ಕೆಳಗಿಳಿದರು. ಕಾರಿನಲ್ಲಿ ಕೂತ ಮೇಲೆ, "ಅದು ವಾರ್ನಿಶ್ ಅಲ್ಲ," ಎಂದರು. ಆಚಾರ್ರು ಯಜಮಾನರ ಮುಂದೆ, ನನ್ನ ಕೈಯೇ ತಪ್ಪಿತು, ಕಣ್ಣು ಮೊದಲಿನ ಹಾಗಿಲ್ಲ ಎಂದರಂತೆ. ಯಜಮಾನರು ಬೈಯಲಿಲ್ಲ. ಕೊಂಬೆಯನ್ನು ತಿರುಗಿಸಿ ನೋಡಿ, "ಖಲಾಸ್," ಎಂದರಂತೆ. ಇಕಾಮಾ ಅಲ್ಲಿಗೆ ಮುಗಿಯಿತು. ಮೆಟ್ಟಿಲ ಮೇಲೆ ಸಿಕ್ಕಾಗ ಆಚಾರ್ರೇ ನನ್ನವರಿಗೆ ಇಷ್ಟನ್ನು ಹೇಳಿ, "ಬಾಯಮ್ಮನಿಗೆ ಗೊತ್ತಾಗ್ಬಾರ್ದು ಪೊರ್ಬುಗಳೇ," ಎಂದು ಮಾತು ತೆಗೆದುಕೊಂಡಿದ್ದರು.

ಮೂರು ದಿನ ನನಗೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ತಪ್ಪನ್ನು ಬಾಯಿಬಿಟ್ಟು ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದರು. ಆಚಾರ್ರಿಗೆ ಹೇಳುವಂತಿರಲಿಲ್ಲ. ನನ್ನವರ ಹತ್ತಿರ ಊರಿನ ನಂಬರ್ ಇತ್ತು. ಆಚಾರ್ರ ಹೆಂಡತಿಗೆ ಫೋನ್ ಮಾಡಿದೆ.

"ಯಾರು, ಕುವೈತಿನ ಬಾಯಮ್ಮನಾ? ನಿಮ್ಮ ಸೀರೆ ಇನ್ನೂ ಉಂಟು ಮಾರಾಯ್ರೆ. ಊಟ ಆಯ್ತಾ?" ಎಂದರು. ನಾನು ಎಲ್ಲವನ್ನೂ ಹೇಳಿದೆ. ಹುಳಿ, ಉಪ್ಪು, ವಾರ್ನಿಶ್, ಇಕಾಮಾ.

"ಹಾಗಾದ್ರೆ ಆ ದೀಪ ಸರಿಯಾಗಿದ್ರೆ ಅವರು ಬರ್ತಿರ್ಲಿಲ್ಲ," ಎಂದರು ಕೊನೆಗೆ.

ಹೌದು ಎಂದೆ.

"ನನ್ನತ್ರ ಹೇಳಿದ್ದು ಬೇರೆ ಬಾಯಮ್ಮ. ಅರಬಿಯವರು ಹೋಗ್ಬೇಡ ಅಂತ ಕೈ ಹಿಡಿದ್ರಂತೆ, ಇವರೇ ನನಗೋಸ್ಕರ ಬಿಟ್ಟು ಬಂದದ್ದಂತೆ. ನಾನು ಅದನ್ನೇ ಇಡೀ ಕೇರಿಗೆ ಹೇಳಿಕೊಂಡು ತಿರುಗಿದ್ದು."

"ನನ್ನತ್ರವೂ ಹಾಗೇ ಹೇಳಿದ್ರು. ನೀವು ಒಬ್ಬರೇ ಅಂತ..."

"ಹೌದಾ," ಎಂದರು. ಆ ಕಡೆ ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು. "ಮಗಳು ಈಗ ಎಷ್ಟನೇ ಕ್ಲಾಸು?" ಎಂದು ಕೇಳಿದರು.

ಕಾಲೇಜು ಸೇರಿದ್ದಾಳೆ ಎಂದೆ. ಫೋನ್ ಇಟ್ಟ ಮೇಲೆ ಗೊತ್ತಾಯಿತು, ಈ ಸಲವೂ ನಾನು ತಿಕ್ಕಿ ತೆಗೆದದ್ದು ಮುಲಾಮನ್ನೇ.