ಎರಡು ಬಾಯಿ, ಒಂದೇ ಗಂಟಲು

ಥರ್ಮಾಮೀಟರು ಏನೇ ಹೇಳಲಿ, ಮಗುವಿನ ಹಣೆಗೆ ತನ್ನ ಕೆನ್ನೆ ತಾಗಿಸಿ ನೋಡದೆ ಜೆಸ್ಮಿಗೆ ಸಮಾಧಾನವಿಲ್ಲ. ನೆಲ್ಯಾಡಿಯಲ್ಲಿ ಹುಟ್ಟಿ ಕಡಬಕ್ಕೆ ಮದುವೆಯಾಗಿ ಬಂದವಳು. ಬೆಳಗ್ಗೆ ರಬ್ಬರ್ ಟ್ಯಾಪಿಂಗ್, ಆಮೇಲೆ ತೋಟದ ಡ್ರಿಪ್ ಪೈಪಿನ ರಿಪೇರಿ, ಸೊಂಟದಲ್ಲಿ ಸದಾ ಪುಟ್ಟ ಜೋಸ್ಮಿ. ಗಂಡ ಸಜಿ ವೆಲ್ಡರ್. ವಿಮಾನ ಹಾರಿಸುವುದನ್ನು ಕ್ಲಬ್ಬೊಂದರಲ್ಲಿ ಕಲಿತು ಬಂದು, ವರ್ಷಗಟ್ಟಲೆ ಶೆಡ್ಡಿನಲ್ಲೇ ಇದ್ದು, ಒಬ್ಬರೇ ಕೂರುವ ವಿಮಾನ ಕಟ್ಟಿದ್ದ.

ನೆರೆಮನೆಯ ಕುಕ್ಕಪ್ಪಣ್ಣನ ಮುಳಿಹುಲ್ಲಿನ ಪದವಿನಿಂದ, ಆ ಗುಡ್ಡದ ಮೇಲಿನ ಮಟ್ಟಸ ಬಯಲಿನಿಂದ, ಅದು ಮೊದಲ ಸಲ ನೆಲ ಬಿಟ್ಟಿತು.

“ಎಂತ ಮಾರಾಯ್ತಿ, ಅಡಿಕೆಗೆ ಮದ್ದು ಬಿಡುದು ಇನ್ನು ಮೇಲಿಂದಲೇಯಾ?” ಕುಕ್ಕಪ್ಪಣ್ಣ ನಕ್ಕರು.

ಜೆಸ್ಮಿಗೆ ನಗು ಬರಲಿಲ್ಲ. ವಾಕಿಟಾಕಿ ಕಿವಿಗೆ ಒತ್ತಿಕೊಂಡಿದ್ದಳು.

“ಎಡೀ, ಮೇಲೆ ಹೋದಷ್ಟೂ ಸ್ಪೀಡ್ ಏರ್ತಾ ಉಂಟು,” ಹೆಂಡತಿಯನ್ನು ಕರೆದು ಹೇಳಿತು ಸಜಿಯ ದನಿ. “ಎರಡೂ ಮೀಟರ್ ಒಂದೇ ಹೇಳ್ತದೆ. ಮೂತಿ ಎತ್ತಿ ಕಡಿಮೆ ಮಾಡ್ತೇನೆ.”

ಮೂತಿ ಎದ್ದಿತು. ಅವಳ ಕಣ್ಣಿಗೆ ಅದು ಓಡುತ್ತಿದ್ದಂತೆ ಕಾಣಲಿಲ್ಲ, ತೂಗುಹಾಕಿದಂತಿತ್ತು. ಎಂಜಿನ್ನು ಏರಿನಲ್ಲಿ ಜೀಪು ತಿಣುಕಿದ ಹಾಗೆ ತಿಣುಕುತ್ತಿತ್ತು.

“ಇಚ್ಚಾಯಾ, ಪತಾಕೆ ಎಂತ ಹೇಳ್ತದೆ?” ಗಂಡನನ್ನು ಕೂಗಿ ಕೇಳಿದಳು.

ರೆಕ್ಕೆಯ ಕಂಬಕ್ಕೆ ಸಿಕ್ಕಿಸಿದ ತಗಡಿನ ಪತಾಕೆ ಅದು. ರೆಕ್ಕೆ ಗಾಳಿಗೆ ಎಷ್ಟು ಓರೆಯಾಗಿದೆ ಎಂದು ತೋರಿಸುತ್ತದೆ. ಓರೆ ಮಿತಿ ಮೀರಿದರೆ ರೆಕ್ಕೆ ವಿಮಾನವನ್ನು ಹೊರುವುದಿಲ್ಲ, ಕಲ್ಲಿನಂತೆ ಬೀಳುವುದೇ.

“ಕೆಂಪಿಗೆ ಬಂದಿದೆ. ಸಿಕ್ಕಿಕೊಂಡಿರಬೇಕು. ಎರಡು ಓಟಿನ ಎದುರು ಒಂದು ಓಟು ಲೆಕ್ಕಕ್ಕುಂಟಾ?”

ಜೆಸ್ಮಿಗೆ ಥಟ್ಟನೆ ನೆನಪಾಯಿತು. ಮೀಟರು ಎರಡಾದರೂ ಅವುಗಳಿಗೆ ಗಾಳಿ ತರುವ ನಳಿಗೆ ರೆಕ್ಕೆಯಲ್ಲಿ ಒಂದೇ. ಎರಡನೆಯದಕ್ಕೆ ಟ್ಯೂಬು ಸಾಲದೆ, ‘ಸದ್ಯಕ್ಕಿರಲಿ’ ಎಂದು ಸಜಿ ಡ್ರಿಪ್ ಪೈಪಿನ ‘ಟೀ’ ಜೋಡಣೆ ಹಾಕಿ ಕವಲು ಮಾಡಿದ್ದ. ಬುಡದಲ್ಲಿ ಕಸ ಸಿಕ್ಕಿದರೆ ತೋಟದಲ್ಲಿ ಎರಡು ಸಾಲೂ ಒಣಗುತ್ತವೆ. ಇಲ್ಲಿ ನಳಿಗೆ ಕಟ್ಟಿದರೆ ಒಳಗೆ ಸಿಕ್ಕಿಬಿದ್ದ ಗಾಳಿ ಮೇಲೇರಿದಷ್ಟೂ ಉಬ್ಬಿ, ಎರಡು ಮೀಟರೂ ಒಂದೇ ಸುಳ್ಳು ಹೇಳುತ್ತವೆ.

“ಎರಡಲ್ಲ ಅದು! ಎರಡು ಬಾಯಿ, ಗಂಟಲು ಒಂದೇ! ಟೀ ಹಾಕಿದ್ದು ಮರೆತ್ರಾ? ಮೂತಿ ಇಳಿಸಿ, ಇಚ್ಚಾಯಾ, ಇಳಿಸಿ, ಇಳಿಸಿ...”

ವಿಮಾನದ ಒಂದು ರೆಕ್ಕೆ ವಾಲತೊಡಗಿತು.

“ಗುಂಡಿ ಬಿಡು ಮಾರಾಯ್ತಿ! ನೀನು ಒತ್ತಿ ಹಿಡಿದ್ರೆ ಅವ ಮಾತಾಡುದು ಹೇಗೆ?” ಕುಕ್ಕಪ್ಪಣ್ಣ ಅವಳ ಹೆಬ್ಬೆರಳನ್ನು ಎಳೆದು ಬಿಡಿಸಿದರು.

ಬರೀ ಕರಕರ ಸದ್ದು. ವಿಮಾನ ಮೂತಿ ಕೆಳಗೆ ಮಾಡಿ ಗೇರುಮರಗಳ ಆಚೆ ಮರೆಯಾಯಿತು. ಜೆಸ್ಮಿ ಮಗುವನ್ನು ಎಷ್ಟು ಬಿಗಿಯಾಗಿ ಅವುಚಿಕೊಂಡಳೆಂದರೆ ಅದು ಕಿಟಾರನೆ ಕಿರುಚಿತು.

“ಕೇಳ್ತು,” ಎಂದಿತು ವಾಕಿಟಾಕಿ. “ಪತಾಕೆ ನೋಡಿಯೇ ಇಳಿಸ್ತೇನೆ.”

ಸುತ್ತು ಹಾಕಿ ಬಂದು ದಡಾರನೆ ಇಳಿಯಿತು. ಒಂದು ಚಕ್ರ ಸೊಟ್ಟಗಾಗಿ, ಹುಲ್ಲಿನಲ್ಲಿ ಗಿರ್ರನೆ ತಿರುಗಿ ನಿಂತಿತು.

ಸಜಿ ಇಳಿದವನೇ ನೆಲದ ಮೇಲೆ ಕುಕ್ಕರಿಸಿದ. ಜೆಸ್ಮಿ ಮಗುವನ್ನು ಅವನ ಮಡಿಲಿಗೆ ಹಾಕಿ, ರೆಕ್ಕೆಯ ನಳಿಗೆಯನ್ನು ಬಿಚ್ಚಿ ಕೊಡವಿದಳು. ಕಣಜದ ಹುಳು ಕಟ್ಟಿದ ಮಣ್ಣಿನ ಗೋಲಿಯೊಂದು ಉದುರಿತು.

“ಇನ್ನೊಂದು ನಳಿಗೆ ಹಾಕ್ತೇನೆ. ಬೇರೆಯೇ ಟ್ಯೂಬು,” ಎಂದ ಸಜಿ.

“ಹಾಕಿ. ಒಂದೊಂದಕ್ಕೆ ಊದಿ ನೋಡುದು ನಾನು. ಅಲ್ಲಿವರೆಗೆ ಇದು ಶೆಡ್ಡಿಂದ ಹೊರಡುದಿಲ್ಲ.”

ಸಜಿ ತಲೆಯಾಡಿಸಿದ. ಅಪ್ಪನ ಮೊಣಕಾಲು ನಡುಗುವುದನ್ನು ಆಟವೆಂದುಕೊಂಡು ಜೋಸ್ಮಿ ಕೇಕೆ ಹಾಕುತ್ತಿದ್ದಳು.