ಕೆಂಪಾದ ಪಟ್ಟಿ

ಕುರಿಗಳಲ್ಲಿ ವೈರಸ್ ಪತ್ತೆಹಚ್ಚುವ ಕಾಗದದ ಪಟ್ಟಿ ತಯಾರಿಸುತ್ತಿದ್ದ ಮೇಡಂ ಒಬ್ಬರು ಕುದಾಪುರದ ಬಳಿಯ ನಮ್ಮ ಕುರಿರೊಪ್ಪಕ್ಕೆ ಬರುತ್ತಿದ್ದರು. ಪಟ್ಟಿಗೆ ಜೊಲ್ಲು ಸವರಿ, ಕನ್ನಡಕವನ್ನು ಹಣೆಗೇರಿಸಿ, "ತಡೀರಿ, ಇನ್ನೊಂದ್ಸಲ ನೋಡೋಣ" ಎನ್ನುವರು.

ಒಂದು ಮರಿಯ ಜೊಲ್ಲಿಗೆ ಪಟ್ಟಿ ಕೆಂಪಾದ ದಿನ ಮಾತ್ರ ಗಾಬರಿಯಲ್ಲಿ ಇನ್ನೊಂದು ಸಲ ನೋಡಲಿಲ್ಲ. ರೋಗ ಹರಡೀತೆಂದು ಮರಿಯನ್ನು ತಾಯಿಯಿಂದ ದೂರ ಕಟ್ಟಿಸಿದರು.

ವಾರದ ಮೇಲೆ ತಲೆತಗ್ಗಿಸಿಕೊಂಡು ಬಂದರು. ತಾಯಿಕುರಿಯ ಕೆಚ್ಚಲ ಬಿರುಕಿಗೆ ಅವ್ವ ಹಚ್ಚಿದ್ದ ಅರಿಶಿನ ಹಾಲಿನ ಜೊತೆ ಮರಿಯ ಬಾಯಿಗೆ ಹೋಗಿತ್ತು. ಪಟ್ಟಿಯ ರಾಸಾಯನಿಕ ಅದಕ್ಕೇ ಕೆಂಪಾಗಿತ್ತಂತೆ. "ರೋಗ ಇರಲೇ ಇಲ್ಲ. ತಪ್ಪಾಯ್ತು" ಎಂದರು.

ಮರಿ ಬಿಟ್ಟೆವು. ತಾಯಿ ಮೂಸಿ ನೋಡಿ, ಒದ್ದು ದೂಡಿತು.

"ವಾಸ್ನೆ ಮರ್ತೈತೆ ಮೇಡಂ. ಇನ್ನ ಹತ್ರ ಸೇರ್ಸಲ್ಲ" ಎಂದಳು ಅವ್ವ.

ಮೇಡಂ ನಮ್ಮ ಕಡೆ ನೋಡಲಿಲ್ಲ. ಮರಿಯನ್ನೆತ್ತಿ ಮತ್ತೆ ತಾಯಿಯ ಮೂಗಿಗೆ ಹಿಡಿದು, ಕುರಿಗೇ ಹೇಳಿದರು: "ತಡಿಯೇ, ಇನ್ನೊಂದ್ಸಲ ನೋಡು."