‘ಎರಿಮಣ್ಣು’ ತಂಡದ ಜೊತೆ ನಾಲ್ಕು ಊರು

ಜನವರಿಯ ಮೊದಲ ಸೋಮವಾರ ಸಂಜೆ ಐದಕ್ಕೆ ಇಂಡಿಯಲ್ಲಿ ‘ಎರಿಮಣ್ಣು’ ರಾಕ್ ತಂಡ ನಾಲ್ಕು ಊರುಗಳ ತಿರುಗಾಟ ಶುರು ಮಾಡಿತು. ಅವರ ಜೊತೆ ತಿರುಗಿ ಬರೆಯಲೆಂದು ನಾನು ವಿಜಯಪುರದಿಂದ ಮಧ್ಯಾಹ್ನದ ಬಸ್ಸಿಗೆ ಬಂದಿಳಿದಾಗ ಸಂಘಟಕರು ವೇದಿಕೆಗೆ ತಂಡದ ಹೆಸರಿನ ಬದಲು ‘ಭವ್ಯ ಆರ್ಕೆಸ್ಟ್ರಾ’ ಎಂಬ ಬ್ಯಾನರ್ ಕಟ್ಟಿಯಾಗಿತ್ತು.

ತಂಡದಲ್ಲಿ ಮೂವರು. ಹಾಡು ಬರೆದು ಹಾಡುವ ರೇಣುಕಾ, ಗಿಟಾರಿನ ಇಮಾಮ್, ಡ್ರಮ್ಸ್ ಬಾರಿಸುವ ಪರಶು. ಆರು ವರ್ಷ ತಮ್ಮ ಹಾಡುಗಳನ್ನಷ್ಟೇ ನುಡಿಸಿದ್ದಾರೆ. ಈಗ ಆರ್ಕೆಸ್ಟ್ರಾ ಮಾಲೀಕರೊಬ್ಬರು ಸಿನಿಮಾ ಹಾಡಿಗೆ ಮೂವರನ್ನೂ ಕರೆದಿದ್ದರು. ಪರಶು ಹೋಗೋಣ ಎಂದಿದ್ದರು. ರೇಣುಕಾ ನಾಲ್ಕು ಊರುಗಳ ಗಡುವು ಕೇಳಿದ್ದರು: ಜನ ವೇದಿಕೆಗೆ ಕಳಿಸುವ ಚೀಟಿಗಳಲ್ಲಿ ಒಂದಾದರೂ ತಮ್ಮ ಹಾಡನ್ನು ಕೇಳಬೇಕು. ಇಲ್ಲದಿದ್ದರೆ ತಂಡ ಮುಗಿಯಿತು.

ಇಂಡಿಯಲ್ಲಿ ಬಂದ ಹನ್ನೊಂದು ಚೀಟಿಗಳೂ ಸಿನಿಮಾ ಹಾಡಿನವು.

“ಅಕ್ಕಾ, ಬ್ಯಾನರ್ ಖರೆ ಹೇಳೈತಿ. ನಾವ ಸುಳ್ಳ,” ಎಂದರು ಪರಶು.

ಮಂಗಳವಾರ ತೊಗರಿ ಹೊಲಗಳ ನಡುವೆ ಸಿಂದಗಿ ಹಾದಿ. ಒಣ ಚಳಿ. ಧಾಬಾದಲ್ಲಿ ರೊಟ್ಟಿ, ಶೇಂಗಾ ಹಿಂಡಿ. ಸಿಂದಗಿ ಸೇರಿ ಉಳಿದ ಮೂರೂ ಊರಿಗೆ ಮೈಕ್‌ಸೆಟ್ ಮಹಿಬೂಬಸಾಬರದು. ಮದುವೆ, ಭಾಷಣಗಳಿಗೆ ಮೂವತ್ತು ವರ್ಷ ಮೈಕ್ ಹಚ್ಚಿದವರು. ಮೂರನೇ ಹಾಡಿಗೆ ಇಮಾಮ್ ಧ್ವನಿ ಒಡಕಾಗಿಸುವ ಪೆಡಲ್ ತುಳಿದರು, ಗಿಟಾರ್ ಗರ್ ಎಂದು ಗುಡುಗಿತು. ಮರುಕ್ಷಣ ಎಲ್ಲ ಬಂದ್. ಬಂದ್ ಮಾಡಿದ ಮಹಿಬೂಬಸಾಬರು ಓಡಿಬಂದು ಸ್ಪೀಕರ್‌ಗೆ ಕಿವಿ ಹಚ್ಚಿದರು.

“ತಮ್ಮಾ, ಬಾಕ್ಸ್ ಹರದೈತಿ. ಇನ್ನೊಂದ್ ನಿಮಿಷ ಆಗಿದ್ರ ಸುಟ್ಟ ಹೋಗ್ತಿತ್ತು.”

“ಕಾಕಾ, ಅದು ಹಂಗ ಬರಬೇಕ್ರಿ. ಅದಕ್ಕಂತನ ಪೆಡಲ್ ತಂದೇನಿ.”

“ರೊಕ್ಕಾ ಕೊಟ್ಟು ಆವಾಜ್ ಕೆಡಿಸ್ಕೊಂಡಿ?”

ಮುಂದಿನ ಸಾಲಿನವರು ನಕ್ಕರು. ಅಂದೂ ಎಲ್ಲ ಚೀಟಿ ಸಿನಿಮಾದ್ದೇ.

ಬುಧವಾರ ಮುದ್ದೇಬಿಹಾಳದಲ್ಲಿ ಮಹಿಬೂಬಸಾಬರು ಬಂದ್ ಮಾಡಲಿಲ್ಲ. ಗಿಟಾರ್ ಗುಡುಗಿದಾಗಲೆಲ್ಲ ಧ್ವನಿ ಇಳಿಸಿದರು. ಚೀಟಿಗಳು ಬದಲಾಗಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಮಿರ್ಚಿ ಭಜಿ ತಿನ್ನುತ್ತ ರೇಣುಕಾ ಹೇಳಿದರು:

“ಕಾಕಾ, ನಾಳೆ ಕಡೀ ಊರು. ಕಿವಿ ಬೇಕಾದ್ರ ಮುಚ್ಕೋರಿ, ಕೈ ಮಾತ್ರ ಹಚ್ಚಬ್ಯಾಡ್ರಿ.”

“ಬಾಕ್ಸ್ ಹ್ವಾದ್ರ?”

“ಹ್ವಾದ್ರ ನಮ್ಮ ಬ್ಯಾಂಡೂ ಅದರ ಜೋಡಿ ಹೋಗ್ತೈತಿ, ತಗೋರಿ.”

ಗುರುವಾರ ಬಸವನ ಬಾಗೇವಾಡಿಯಲ್ಲಿ ಗಿಟಾರ್ ಗುಡುಗಿದಾಗ ಮಹಿಬೂಬಸಾಬರು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತರು. ಬಾಕ್ಸ್ ಹರಿಯಲಿಲ್ಲ. ಹತ್ತಿಪ್ಪತ್ತು ಜನ ಎದ್ದು ಹೋದರು. ಉಳಿದವರು ಕುರ್ಚಿ ಮುಂದೆ ಎಳೆದುಕೊಂಡರು.

ಹಾಡು ಮುಗಿದ ಮೇಲೆ ಚೀಟಿಗಳನ್ನು ಮೈಕಿನಲ್ಲಿ ಓದುತ್ತಿದ್ದ ಮಹಿಬೂಬಸಾಬರು ನಾಲ್ಕನೆಯದನ್ನು ಹಿಂದೆ ಮುಂದೆ ತಿರುವಿ ನೋಡಿದರು.

“ಇದರಾಗ ಸಿನಿಮಾದ ಹೆಸರ ಇಲ್ಲಲ್ಲ! ‘ಈಗ ಗರ್ ಅಂತಲ್ಲ, ಆ ಹಾಡು ಇನ್ನೊಮ್ಮೆ’ ಅಂತ ಬರದಾರ. ಯಾವ್ದವಾ ಇದು?”

ರೇಣುಕಾ ಬಾಯಿ ತೆರೆಯುವ ಮೊದಲೇ ಪರಶು ಹಿಂದಿನಿಂದ ಕೂಗಿದರು: “ನಮ್ದರಿ ಕಾಕಾ!”

ಹಾಡು ಎರಡನೇ ಸಲ ಆರೂ ಹತ್ತಕ್ಕೆ ಶುರುವಾಯಿತು.

ಶುಕ್ರವಾರ ಬೆಳಗ್ಗೆ ಮನಗೂಳಿಯಲ್ಲಿ ಚಹಾಕ್ಕೆ ನಿಂತಾಗ ರೇಣುಕಾ ಆರ್ಕೆಸ್ಟ್ರಾ ಮಾಲೀಕರಿಗೆ ಫೋನ್ ಮಾಡಿ ಬರುವುದಿಲ್ಲ ಎಂದು ತಿಳಿಸಿದರು. ತಂಡದ ಮುಂದಿನ ಕಾರ್ಯಕ್ರಮ ಫೆಬ್ರುವರಿಯಲ್ಲಿ, ಸಾಲೋಟಗಿಯಲ್ಲಿ. ಮೈಕ್‌ಸೆಟ್ ಮಹಿಬೂಬಸಾಬರದು.